ಹಸು ಕಾಲು ಬಡಿಯುತ್ತಿದೆಯಾ? ನೊಣ ಯಾವುದೆಂದು ನೋಡಿ, ಆಮೇಲೆ ಬಲೆ ಕಟ್ಟಿ

ಹಾಲು ಕರೆಯಲು ಕೂತಾಗ ಹಸು ಒಂದೇ ಸಮನೆ ಮುಂಗಾಲು ನೆಲಕ್ಕೆ ಬಡಿಯುತ್ತಿದ್ದರೆ ಬೈಯಬೇಡಿ. ಬಗ್ಗಿ ಕಾಲು ನೋಡಿ. ಮೊಣಕಾಲಿನ ಕೆಳಗೆ ಬೂದು ಬಣ್ಣದ ನೊಣಗಳು ಕೂತಿರುತ್ತವೆ. ನೋಡಲು ಮನೆ ನೊಣದ ಹಾಗೇ ಇರುತ್ತವೆ, ಆದರೆ ಬಾಯಿಂದ ಸೂಜಿಯಂಥ ಕಪ್ಪು ಕೊಳವೆ ಮುಂದಕ್ಕೆ ಚಾಚಿರುತ್ತದೆ. ಇದು ಕೊಟ್ಟಿಗೆಯ ಕಚ್ಚುವ ನೊಣ. ಗಂಡು, ಹೆಣ್ಣು ಎರಡೂ ರಕ್ತ ಹೀರುತ್ತವೆ.

ಕಚ್ಚಿದ ಉರಿ ಒಂದು ಕಡೆ, ರೋಗದ ಭಯ ಇನ್ನೊಂದು ಕಡೆ. ನೊಣ ಕಚ್ಚಿದಾಗ ನೋವಿಗೆ ಹಸು ಮೈ ಕೊಡವುತ್ತದೆ, ಹೊಟ್ಟೆ ತುಂಬದ ನೊಣ ರಕ್ತ ಹತ್ತಿದ ಬಾಯಲ್ಲೇ ಹಾರಿ ಪಕ್ಕದ ಹಸುವಿನ ಮೇಲೆ ಕೂರುತ್ತದೆ, ಮೊದಲ ಹಸುವಿನ ರಕ್ತದಲ್ಲಿ ರೋಗಾಣು ಇದ್ದರೆ ಅದೂ ಜೊತೆಗೇ ಹೋಗುತ್ತದೆ. ದನ, ಕುದುರೆ, ಒಂಟೆಗಳಿಗೆ ಜ್ವರ, ರಕ್ತಹೀನತೆ ತರುವ ಸರ್ರಾ ರೋಗ ಹರಡುವುದು ಹೀಗೇ. ಇದರ ರೋಗಾಣುವನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ 1880ರಲ್ಲೇ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡುಹಿಡಿದರು. ಇವತ್ತಿಗೂ ಸರ್ರಾಗೆ ಲಸಿಕೆ ಇಲ್ಲ. ಹಾಗಾಗಿ ನೊಣ ಹಿಡಿಯುವುದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡಿ.

ಮೊದಲು ಮಾಡಬೇಕಾದ್ದು ಎಣಿಕೆ. ಬಿಸಿಲೇರಿದ ಮೇಲೆ ನಾಲ್ಕೈದು ಹಸುಗಳ ಮುಂಗಾಲು ನೋಡಿ, ಒಂದೊಂದು ಕಾಲಿನಲ್ಲಿ ಎಷ್ಟು ನೊಣ ಇವೆ ಎಂದು ಬರೆದಿಡಿ. ಕಾಲಿಗೆ ಸರಾಸರಿ 5 ದಾಟಿದರೆ ಹಾಲಿಗೆ ಪೆಟ್ಟು ಬೀಳುತ್ತದೆ ಎನ್ನುವುದು ಹೈನುಗಾರಿಕೆಯಲ್ಲಿ ಬಳಕೆಯಲ್ಲಿರುವ ಲೆಕ್ಕ. ಬಲೆಯಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಹೇಳುವುದೂ ಇದೇ ಲೆಕ್ಕ. ಬಾಟಲಿ ತುಂಬಾ ಸತ್ತ ನೊಣ ಕಂಡರೆ ಖುಷಿಯಾಗುತ್ತದೆ, ಆದರೆ ಹಸುವಿನ ಕಾಲಲ್ಲಿ ನೊಣ ಕಡಿಮೆಯಾಗದಿದ್ದರೆ ಏನು ಬಂತು?

ಈಗ ಬಲೆಗೆ ಬರೋಣ. ಎಲ್ಲಕ್ಕಿಂತ ಸುಲಭದ್ದು ಅಂಟು ಹಾಳೆ. ತರಕಾರಿ ಬೆಳೆಯುವವರ ಹತ್ತಿರ ಹಳದಿ, ನೀಲಿ ಹಾಳೆ ಇದ್ದೇ ಇರುತ್ತದೆ. ಈ ನೊಣಕ್ಕೆ ನೀಲಿ ಅಥವಾ ಬಿಳಿ ತೆಗೆದುಕೊಳ್ಳಿ. ಕೊಟ್ಟಿಗೆಯ ಒಳಗೆ, ಅದೂ ಸೂರಿಗೆ ನೇತು ಹಾಕಬೇಡಿ. ಇವು ನೆಲದ ಹತ್ತಿರವೇ ಹಾರುತ್ತವೆ, ರಕ್ತ ಹೀರಿದ ಮೇಲೆ ಬಿಸಿಲು ಬಿದ್ದ ಗೋಡೆ, ಬೇಲಿ ಕಂಬದ ಮೇಲೆ ಕೂತು ಅರಗಿಸಿಕೊಳ್ಳುತ್ತವೆ. ಹೊರಗೆ ಬಿಸಿಲಲ್ಲಿ, ಹಸುವಿಗೆ ಎಟುಕದ ಕಡೆ, ಮೊಣಕಾಲಿನಿಂದ ಸೊಂಟದ ಎತ್ತರದೊಳಗೆ ಕಟ್ಟಿ. ತೊಂದರೆ ಏನೆಂದರೆ ಧೂಳು ಹಿಡಿದ ಹಾಳೆ ಅಂಟುವುದಿಲ್ಲ, ಹಲ್ಲಿಯೋ ಪುಟ್ಟ ಹಕ್ಕಿಯೋ ಸಿಕ್ಕಿಕೊಳ್ಳುವುದೂ ಉಂಟು. ಸುತ್ತ ಅಗಲ ಕಣ್ಣಿನ ತಂತಿ ಜಾಲರಿ ಕಟ್ಟುವುದನ್ನು ಮರೆಯಬೇಡಿ.

ನನಗೆ ಜಾಸ್ತಿ ಇಷ್ಟವಾದದ್ದು ಬಟ್ಟೆ ಬಲೆ. ಆಫ್ರಿಕಾದಲ್ಲಿ ನಿದ್ರೆ ರೋಗ ಹರಡುವ ತ್ಸೆತ್ಸೆ ನೊಣಕ್ಕೆಂದು ಮಾಡಿದ್ದು ಇದು. ಐವರಿ ಕೋಸ್ಟ್ ದೇಶದ ವವುವಾ ಊರಿನ ಹೆಸರೇ ಇದಕ್ಕಿದೆ, ನಮ್ಮ ಕೊಟ್ಟಿಗೆ ನೊಣವೂ ಇದಕ್ಕೆ ಚೆನ್ನಾಗಿ ಬೀಳುತ್ತದೆ. ಒಂದು ಗೂಟದ ಸುತ್ತ ಮೂರು ಬಟ್ಟೆಯ ರೆಕ್ಕೆ ಕಟ್ಟಬೇಕು, ಒಳಗಿನ ಅರ್ಧ ಕಪ್ಪು, ಹೊರಗಿನ ಅರ್ಧ ನೀಲಿ. ಹೊಳೆಯುವ ಪಾಲಿಯೆಸ್ಟರ್ ಬೇಡ, ಹತ್ತಿಯ ರವಿಕೆ ಬಟ್ಟೆ ಸಾಕು. ಗಾಢ ನೀಲಿಯೇ ಇರಲಿ, ಮಾಸಿದ ತಿಳಿ ನೀಲಿಗೆ ನೊಣ ಅಷ್ಟಾಗಿ ಬರುವುದಿಲ್ಲ. ಮೇಲೆ ದಪ್ಪ ತಂತಿಯ ಬಳೆ, ಅದರಿಂದ ಮೇಲಕ್ಕೆ ಹಳೆಯ ಬಿಳಿ ಸೊಳ್ಳೆ ಪರದೆಯನ್ನು ಆಲಿಕೆ ಮಗುಚಿದ ಹಾಗೆ ಹೊಲಿಯಿರಿ, ತುದಿಯ ತೂತಿಗೆ ಪ್ಲಾಸ್ಟಿಕ್ ಬಾಟಲಿ ಕೂರಿಸಿ. ನೊಣ ಬಣ್ಣ ನೋಡಿ ಬರುತ್ತದೆ, ಬೆಳಕಿನ ಕಡೆಗೆ ಮೇಲೆ ಹತ್ತುತ್ತದೆ, ಬಾಟಲಿ ಸೇರಿದ ಮೇಲೆ ಇಳಿಯುವ ದಾರಿ ಸಿಗುವುದಿಲ್ಲ. ಬಟ್ಟೆಯ ಕೆಳ ಅಂಚು ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಸುತ್ತ ಹುಲ್ಲು ಸವರಿ. ಗೂಟಕ್ಕೆ ಗ್ರೀಸ್ ಬಳಿಯಿರಿ, ಇಲ್ಲದಿದ್ದರೆ ಇರುವೆ ಹತ್ತಿ ಸತ್ತ ನೊಣವನ್ನೆಲ್ಲ ಹೊತ್ತುಕೊಂಡು ಹೋಗುತ್ತವೆ, ಬೆಳಿಗ್ಗೆ ನೀವು ಬಲೆಗೆ ಏನೂ ಬೀಳಲಿಲ್ಲ ಅಂದುಕೊಳ್ಳುತ್ತೀರಿ.

ಎರಡು ಬಲೆ ಹೋಲಿಸಿ ನೋಡುವವರು ಒಂದು ಮಾತು ನೆನಪಿಡಿ. ನಾನು ಅಂಟು ಹಾಳೆಯನ್ನು ಬಾವಿ ಹತ್ತಿರ, ಬಟ್ಟೆ ಬಲೆಯನ್ನು ಕೊಟ್ಟಿಗೆಗೂ ತಿಪ್ಪೆಗೂ ನಡುವೆ ಇಟ್ಟು, ಬಟ್ಟೆ ಬಲೆಯೇ ಎಷ್ಟೋ ಪಾಲು ಮೇಲು ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೆ. ಜಾಗ ಅದಲು ಬದಲು ಮಾಡಿದ ಮಾರನೆಯ ದಿನ ಹಾಳೆ ಕಪ್ಪಾಗಿತ್ತು. ಅರ್ಧ ಗುಣ ಜಾಗದ್ದು! ಅದಕ್ಕೇ ದಿನ ಬಿಟ್ಟು ದಿನ ಜಾಗ ಬದಲಿಸುತ್ತಾ ಕನಿಷ್ಠ ಎಂಟು ದಿನ ಎಣಿಸಿ. ಮಳೆ ಬಂದ ದಿನ ಲೆಕ್ಕಕ್ಕೆ ಬೇಡ.

ಕಚ್ಚಿದ ಕಡೆ ರಕ್ತ ತೊಟ್ಟಿಕ್ಕುತ್ತಿದ್ದರೆ ಅದು ಬೇರೆ ನೊಣ. ದಪ್ಪ ದೇಹ, ದೊಡ್ಡ ಕಣ್ಣು, ಕೆಲವು ಕಡೆ ಕುರುಡು ನೊಣ ಅನ್ನುತ್ತಾರೆ. ಇದರಲ್ಲಿ ಹೆಣ್ಣು ಮಾತ್ರ ಕಚ್ಚುತ್ತದೆ, ಚರ್ಮ ಕೊಯ್ದು ರಕ್ತ ನೆಕ್ಕುತ್ತದೆ. ಸರ್ರಾ ಹರಡುವುದರಲ್ಲಿ ಇದರ ಪಾಲು ದೊಡ್ಡದು. ಕೆರೆ ಅಂಚು, ಹಳ್ಳದ ಕಡೆ ಮೇಯುವ ದನಗಳಿಗೆ ಕಾಟ ಜಾಸ್ತಿ. ಇದಕ್ಕೆ ಕಪ್ಪು ಚೆಂಡಿನ ಬಲೆ. ಅದೇ ಪರದೆಯ ಆಲಿಕೆ, ಕೆಳಗೆ ರೆಕ್ಕೆಯ ಬದಲು ದೊಡ್ಡ ಕಪ್ಪು ಚೆಂಡು ತೂಗುಬಿಡುವುದು. ಬಿಸಿಲಿಗೆ ಕಾದು, ಗಾಳಿಗೆ ಅಲುಗಾಡುವ ಆ ಚೆಂಡನ್ನು ನೊಣ ದನವೆಂದೇ ತಿಳಿದು ಕೂರುತ್ತದೆ, ರಕ್ತ ಸಿಗದೆ ಮೇಲಕ್ಕೆ ಹಾರಿ ಬಲೆಗೆ ಬೀಳುತ್ತದೆ. ಪೂರ್ತಿ ಬಿಸಿಲಿನ ಬಯಲಿನಲ್ಲೇ ಇಡಬೇಕು. ಪಕ್ಕದಲ್ಲಿ ಹಳೆಯ ಗಂಜಲದ ಡಬ್ಬಿ ಬಾಯಿ ತೆರೆದು ಇಟ್ಟರೆ ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ ನೀಲಿ ದೀಪದ ಕರೆಂಟ್ ಯಂತ್ರಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಈ ಎರಡೂ ನೊಣ ಕಚ್ಚುವುದು ಹಗಲಲ್ಲಿ ಅಲ್ವಾ? ರಾತ್ರಿ ಆ ದೀಪಕ್ಕೆ ಸಾಯುವುದು ಪಾಪದ ಪತಂಗಗಳು. ದೀಪದ ಬಲೆ ಬೇಕಾಗುವುದು ಕುರಿಗಳಿಗೆ ನೀಲಿ ನಾಲಿಗೆ ರೋಗ ತರುವ ನುಸಿಗೆ. ಅವು ಮುಸ್ಸಂಜೆಯಿಂದ ಹೊರಡುತ್ತವೆ, ಸೊಳ್ಳೆ ಪರದೆಯ ಕಣ್ಣಲ್ಲೂ ನುಸುಳುವಷ್ಟು ಸಣ್ಣ. ದೀಪದ ಕೆಳಗೆ ಫ್ಯಾನ್ ಇಟ್ಟು ಸೋಪಿನ ನೀರಿಗೆ ಎಳೆಯುವ ಆ ಬಲೆಯನ್ನು ನುಸಿ ಎಷ್ಟಿದೆ ಎಂದು ತಿಳಿಯಲು ಬಳಸುತ್ತಾರೆ. ಕುರಿ ಉಳಿಸಲು ಪಶು ಆಸ್ಪತ್ರೆಯಲ್ಲಿ ಕೇಳಿ ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿ.

ಬಲೆ ಕಟ್ಟಿ ಎರಡು ವಾರವಾದರೂ ಹಸುವಿನ ಕಾಲಿನ ಎಣಿಕೆ ಇಳಿಯಲಿಲ್ಲವೇ? ಹಾಗಾದರೆ ಗೋದಲಿಯ ಕೆಳಗೆ ಗುದ್ದಲಿ ಹಾಕಿ ನೋಡಿ. ತಿಂದು ಬಿಟ್ಟ ಹುಲ್ಲು ಗಂಜಲ, ಸಗಣಿಯ ಜೊತೆ ಕೊಳೆತಿರುವ ಕಡೆ ಬಿಳಿ ಹುಳ ಮಿಜಿಗುಡುತ್ತಿರುತ್ತವೆ. ಕೊಟ್ಟಿಗೆ ನೊಣ ಹುಟ್ಟುವುದು ಅಲ್ಲೇ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ನೊಣವಾಗಲು 2–3 ವಾರ ಸಾಕು. ವಾರಕ್ಕೊಮ್ಮೆ ಅದನ್ನೆಲ್ಲ ಎಳೆದು ಬಿಸಿಲಿಗೆ ತೆಳ್ಳಗೆ ಹರಡಿ, ಚೆನ್ನಾಗಿ ಒಣಗಿದ ಮೇಲೆ ತಿಪ್ಪೆಗೆ ಹಾಕಿ.