ಮಿನಿಯೇಚರ್ ಇಲ್ಲದೆ ಕಾಳಗದ ನಕ್ಷೆ: ಕೈಗೆ ಸಿಕ್ಕ ವಸ್ತುಗಳನ್ನು ಬಳಸುವ ಬಗೆ

1974ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರ ವಹಿಸಿ ಆಡುವ ಆಟ ಮಿನಿಯೇಚರ್ ಗೊಂಬೆಗಳ ಯುದ್ಧದಾಟದಿಂದಲೇ ಬೆಳೆದು ಬಂದದ್ದಾದರೂ, ಆ ಗೊಂಬೆಗಳು ಕಡ್ಡಾಯವಲ್ಲ, ನೋಟಕ್ಕೆ ಚೆನ್ನಾಗಿರುತ್ತವೆ ಅಷ್ಟೇ ಎಂಬುದನ್ನು ಅದರ ಮೊದಲ ನಿಯಮಗಳೇ ಒಪ್ಪಿಕೊಂಡಿದ್ದವು. ಕಾಳಗದ ಜಾಗವನ್ನು ಚೌಕಗಳಲ್ಲಿ ತೋರಿಸುವ ನಕ್ಷೆಯ ಮೇಲಿರುವ ವಸ್ತು ಯಾರನ್ನು ಸೂಚಿಸುತ್ತದೆ, ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಮೇಜಿನ ಸುತ್ತ ಕುಳಿತ ಎಲ್ಲರಿಗೂ ಒಂದೇ ನೋಟಕ್ಕೆ ತಿಳಿದರೆ ಸಾಕು. ರೂಪದ ಹೋಲಿಕೆ ಆಮೇಲಿನ ಮಾತು.

ಮೊದಲು ಅಳತೆಯನ್ನು ನಿಶ್ಚಯಿಸಿಕೊಳ್ಳಿ. ಸಾಮಾನ್ಯವಾಗಿ ನಕ್ಷೆಯ ಒಂದು ಚೌಕ ಒಂದು ಅಂಗುಲವಿದ್ದು, ಆಟದ ಲೋಕದ ಐದು ಅಡಿಗಳನ್ನು ಸೂಚಿಸುತ್ತದೆ. ಆದರೆ ಸೋಡಾ ಬಾಟಲಿಯ ತಗಡಿನ ಮುಚ್ಚಳ ಒಂದು ಅಂಗುಲಕ್ಕಿಂತ ತುಸು ಅಗಲವಾಗಿರುವುದರಿಂದ, ಅಕ್ಕಪಕ್ಕದ ಚೌಕಗಳಲ್ಲಿಟ್ಟ ಮುಚ್ಚಳಗಳು ಒಂದನ್ನೊಂದು ತಳ್ಳುತ್ತವೆ. ನಕ್ಷೆಯನ್ನು ನೀವೇ ಬರೆಯುವುದಾದರೆ ಚೌಕವನ್ನು 3 ಸೆಂಟಿಮೀಟರ್ ಮಾಡಿಕೊಳ್ಳುವುದು ಮೇಲು. ಇದರಿಂದ ಇನ್ನೊಂದು ಅನುಕೂಲವೂ ಇದೆ: ನಾಲ್ಕು ಚೌಕ ಉದ್ದ, ನಾಲ್ಕು ಚೌಕ ಅಗಲದ ದೈತ್ಯ ಡ್ರ್ಯಾಗನ್‌ಗೆ 12 ಸೆಂಟಿಮೀಟರ್ ಅಗಲದ ಹಳೆಯ ಸಿ.ಡಿ. ಕರಾರುವಾಕ್ಕಾಗಿ ಹೊಂದುತ್ತದೆ. ಎರಡು ಚೌಕ ಅಗಲದ ದೊಡ್ಡ ರಾಕ್ಷಸನಾದ ಓಗರ್‌ಗೆ ಡಬ್ಬಿಯ ಮುಚ್ಚಳವನ್ನೋ, 6 ಸೆಂಟಿಮೀಟರಿನ ರಟ್ಟಿನ ವೃತ್ತವನ್ನೋ ಬಳಸಬಹುದು.

ಆಟಗಾರರ ಪಾತ್ರಗಳಿಗೆ ಮಾತ್ರ ಸ್ವಲ್ಪ ಶ್ರಮ ಪಡುವುದು ಒಳ್ಳೆಯದು, ಏಕೆಂದರೆ ಅವು ಪ್ರತಿ ವಾರವೂ ಮೇಜಿನ ಮೇಲೆ ಬರುತ್ತವೆ. ಒಂದು ಅಂಗುಲ ಅಗಲ, ಐದೂವರೆ ಅಂಗುಲ ಉದ್ದದ ಗಟ್ಟಿ ಕಾಗದದ ಪಟ್ಟಿಯನ್ನು ಕತ್ತರಿಸಿ, ಮುಂಭಾಗಕ್ಕೆ ಎರಡು ಅಂಗುಲ, ಹಿಂಭಾಗಕ್ಕೆ ಎರಡು, ತಳಕ್ಕೆ ಒಂದು, ಅಂಟಿಸುವ ಅಂಚಿಗೆ ಅರ್ಧ ಅಂಗುಲ ಎಂದು ಗುರುತು ಹಾಕಿಕೊಳ್ಳಿ. ಮಡಿಸುವ ಗೆರೆಗಳ ಮೇಲೆ ಇಂಕು ಮುಗಿದ ಬಾಲ್‌ಪೆನ್ನನ್ನು ಸ್ಕೇಲ್ ಹಿಡಿದು ಒತ್ತಿ ಎಳೆದರೆ ಮಡಿಕೆ ನೇರವಾಗಿ ಬರುತ್ತದೆ. ಪಟ್ಟಿ ಚಪ್ಪಟೆಯಾಗಿರುವಾಗಲೇ ಚಿತ್ರ ಬರೆಯಬೇಕು. ಹಿಂಭಾಗದ ಚಿತ್ರವನ್ನು ತಲೆಕೆಳಗಾಗಿ ಬರೆದರೆ ಮಾತ್ರ ಮಡಿಸಿದ ಮೇಲೆ ಅದು ನೆಟ್ಟಗೆ ನಿಲ್ಲುತ್ತದೆ. ಪಟ್ಟಿ ಮಡಿಸಿದಾಗ ಆಗುವ ತ್ರಿಕೋನವನ್ನು ಅಂಟಿಸಿ ಮುಚ್ಚುವ ಮೊದಲು ತಳದ ಒಳಗೆ ಒಂದು ವಾಷರ್ ಅಂಟಿಸಿ. ಇಲ್ಲವಾದರೆ ಯಾರಾದರೂ ಪುಟ ತಿರುವಿದ ಗಾಳಿಗೇ ನಿಮ್ಮ ವೀರರು ಮಗುಚಿಕೊಳ್ಳುತ್ತಾರೆ. ಇಷ್ಟಕ್ಕೂ ಸಮಯವಿಲ್ಲದಿದ್ದರೆ ಚದುರಂಗದ ಕಾಯಿಗಳಿವೆ.

ನಿಜವಾದ ತೊಡಕಿರುವುದು ಶತ್ರುಗಳ ಗುಂಪಿನಲ್ಲಿ. ಕುಳ್ಳ ರಾಕ್ಷಸರಾದ ಎಂಟು ಗಾಬ್ಲಿನ್‌ಗಳಿಗೆ ಎಂಟು ಒಂದೇ ಬಗೆಯ ಗುಂಡಿಗಳನ್ನಿಟ್ಟರೆ, ಯಾವುದಕ್ಕೆ ಪೆಟ್ಟು ಬಿದ್ದಿತ್ತು, ಯಾವುದು ಮಂತ್ರಕ್ಕೆ ಸಿಕ್ಕಿ ನಿದ್ರಿಸುತ್ತಿದೆ ಎಂಬುದು ಎರಡನೆಯ ಸುತ್ತಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಪ್ರತಿಯೊಂದಕ್ಕೂ ಸಂಖ್ಯೆ ಇರಲೇಬೇಕು. ಬಾಟಲಿ ಮುಚ್ಚಳವನ್ನು ಅಂಗಾತ ಇಟ್ಟು, ಒಳಗೆ ಸಂಖ್ಯೆ ಬರೆದ ದುಂಡು ಕಾಗದವನ್ನು ಅಂಟಿಸುವುದು ನನ್ನ ಪ್ರಕಾರ ಎಲ್ಲಕ್ಕಿಂತ ಬಾಳಿಕೆಯ ಉಪಾಯ. ಸುತ್ತಲಿನ ಅಂಚು ಕಾಗದವನ್ನು ಸವೆಯದಂತೆ ಕಾಯುತ್ತದೆ. ಆರು ಮುಖದ ದಾಳಗಳನ್ನೇ ಶತ್ರುಗಳನ್ನಾಗಿ ನಿಲ್ಲಿಸುವ ರೂಢಿಯೂ ಇದೆ. ಅದು ಸುಲಭವೇನೋ ಹೌದು, ಆದರೆ ಉರುಳಿಸಲು ದಾಳ ಹುಡುಕುವ ಕೈ ನಕ್ಷೆಯ ಮೇಲಿನದನ್ನೇ ಎತ್ತಿಬಿಡುವ ಅಪಾಯವಿರುವುದರಿಂದ, ಉರುಳಿಸಲು ಬಳಸದ ಬಣ್ಣವೊಂದನ್ನು ಅದಕ್ಕೆಂದೇ ಮೀಸಲಿಡಬೇಕು. ಮೇಲ್ಮುಖದ ಅಂಕಿ ಗಾಬ್ಲಿನ್‌ನ ಸಂಖ್ಯೆಯೋ, ಅದರ ಉಳಿದ ಜೀವಬಲವೋ ಎಂಬುದನ್ನೂ ಮೊದಲೇ ಹೇಳಿಬಿಡಿ. ಮಿಠಾಯಿಗಳನ್ನು ಶತ್ರುಗಳಾಗಿಟ್ಟು, ಕೊಂದವರೇ ತಿನ್ನಬಹುದೆಂಬ ನಿಯಮ ಮಾಡಿದರೆ ಆಟಗಾರರ ಉತ್ಸಾಹ ಹೆಚ್ಚುತ್ತದೆ. ಸಂಧಾನದ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ.

ವಿಚಿತ್ರ ಪ್ರಾಣಿಗಳಿಗೆ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳನ್ನು ಬಳಸಲು ಸಂಕೋಚ ಬೇಡ. ಈ ಆಟದ ಸೃಷ್ಟಿಕರ್ತರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರು ಇಂಥ ಹಾಂಗ್‌ಕಾಂಗ್ ಆಟಿಕೆಗಳನ್ನೇ ಮೇಜಿನ ಮೇಲಿಟ್ಟು ಆಡಿಸುತ್ತಿದ್ದರು. ಔಲ್‌ಬೇರ್, ರಸ್ಟ್ ಮಾನ್‌ಸ್ಟರ್, ಬುಲೆಟ್ (Bulette) ಎಂಬ ಪ್ರಸಿದ್ಧ ಜೀವಿಗಳು ಹುಟ್ಟಿದ್ದು ಅವುಗಳಿಂದಲೇ.

ಪಾತ್ರದ ಸ್ಥಿತಿಯನ್ನು ತೋರಿಸಲು ಬಣ್ಣಬಣ್ಣದ ರಬ್ಬರ್ ಬ್ಯಾಂಡುಗಳು ಅಥವಾ ಪ್ಲಾಸ್ಟಿಕ್ ಬಾಟಲಿಯ ಕತ್ತಿನ ಉಂಗುರಗಳು ಸಾಕು: ವಿಷವೇರಿದ್ದಕ್ಕೆ ಹಸಿರು, ಹೆದರಿದ್ದಕ್ಕೆ ಹಳದಿ, ಹೀಗೆ. ಹಾರುತ್ತಿರುವ ಪಾತ್ರವನ್ನು ಬೋರಲು ಹಾಕಿದ ಪಾರದರ್ಶಕ ಲೋಟದ ಮೇಲಿಟ್ಟರೆ ಕೆಳಗಿನ ಚೌಕದಲ್ಲಿರುವವರೂ ಕಾಣುತ್ತಾರೆ. ಇಪ್ಪತ್ತು ಅಡಿ ತ್ರಿಜ್ಯದ ಬೆಂಕಿಯುಂಡೆ ಯಾರನ್ನೆಲ್ಲ ತಟ್ಟುತ್ತದೆ ಎಂಬ ಜಗಳಕ್ಕೆ ನಾಲ್ಕು ಚೌಕ ಉದ್ದದ ದಾರವೇ ತೀರ್ಪು ಕೊಡುತ್ತದೆ. ಒಂದು ತುದಿಯನ್ನು ಸ್ಫೋಟದ ನಡುವಿಗೆ ಒತ್ತಿ ಹಿಡಿದು, ಇನ್ನೊಂದನ್ನು ಸುತ್ತ ತಿರುಗಿಸಬೇಕು.

ಕಾಳಗ ಅರ್ಧಕ್ಕೇ ನಿಂತು ಮುಂದಿನ ವಾರಕ್ಕೆ ಹೋಗುವುದಾದರೆ, ವಸ್ತುಗಳನ್ನು ಎತ್ತುವ ಮುನ್ನ ನಕ್ಷೆಯ ಚಿತ್ರವನ್ನು ನೇರ ಮೇಲಿನಿಂದ ಫೋನಿನಲ್ಲಿ ತೆಗೆದುಕೊಂಡು, ಯಾವ ವಸ್ತು ಯಾರದೆಂಬ ಪಟ್ಟಿಯನ್ನು ಅದರೊಡನೆಯೇ ಬರೆದಿಡಿ.