ಕೊಸರು ಹಾಕಿ ತೀರಿಸಿದ ಸಾಲ

ಚೆನ್ನಾಗಿ ಸಾಯುವುದಕ್ಕೆ ತಯಾರಿ ನಡೆಸಿದ್ದೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಈಗ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಜಪ, ಲಿಂಗಪೂಜೆ, ಸೋಮವಾರದ ಒಪ್ಪತ್ತು ಇವನ್ನೆಲ್ಲ ನಮ್ಮ ವಯಸ್ಸಿನವರಿಗೆ ಹೇಳಿಕೊಡಬೇಕಾಗಿಲ್ಲ. ನಾನು ಎಡವಿದ್ದನ್ನು ಮಾತ್ರ ಹೇಳುತ್ತೇನೆ.

ಶುರುವಾದದ್ದು ನಮ್ಮ ಅಣ್ಣ ತೀರಿಕೊಂಡಾಗ. 2017 ಇರಬೇಕು. ಕೊನೆಯ ಎಂಟು ದಿನ ಅವನ ಬಾಯಲ್ಲಿ ಹೊಲದ ಬದುವಿನ ಮಾತೇ. ದೇವರ ಹೆಸರಿಲ್ಲ, ಮಕ್ಕಳ ಹೆಸರಿಲ್ಲ. ಆ ಬದು ಒತ್ತಿದವನು ನಾನೇ. ಅವನ ಮಂಚದ ಪಕ್ಕದಲ್ಲೇ ಕೂತಿದ್ದೆ. ಶರಣರ ಗುಣ ಮರಣದಲ್ಲಿ ಕಾಣು ಅಂತಾರಲ್ಲ, ಆವತ್ತು ಬಂದವರೆಲ್ಲ ಅವನ ಗುಣ ನೋಡಿದರು. ನಾನು ನನ್ನದು ನೋಡಿಕೊಂಡೆ.

ಕಾರ್ಯ ಮುಗಿದ ಮೇಲೆ ಅಂಗಡಿಯಿಂದ ಒಂದು ಖಾಲಿ ಉದ್ರಿ ಪುಸ್ತಕ ತಂದೆ. ರಾಣೆಬೆನ್ನೂರಿನಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವನಿಗೆ ಬೇರೆ ಏನು ಗೊತ್ತು? ಯಾರಿಗೆ ಏನು ಬಾಕಿ ಅಂತ ಬರೆಯುತ್ತಾ ಹೋದೆ. ಒಂದು ವಾರದಲ್ಲಿ ಮೂವತ್ತೇಳು ಸಾಲು ತುಂಬಿತು. ಸಂಬಳ ಹಿಡಿದುಕೊಂಡ ಹುಡುಗ, ಮದುವೆಯಲ್ಲಿ ಅವಮಾನ ಮಾಡಿದ ಷಡ್ಡಕ, ಹೀಗೆ. ಅವುಗಳಲ್ಲಿ ಹೆಚ್ಚಿನವು ಹೋಗಿ ಕೈ ಹಿಡಿದುಕೊಂಡು ಚಹಾ ಕುಡಿದರೆ ಮುಗಿಯುವಂಥವು. ಮುಗಿದವು. ಹೆಣಭಾರ ಆಗಿದ್ದು ಹುಣಸೆಹಣ್ಣಿನ ಸಾಲು.

ಅಂಗಡಿಯವರಿಗೆ ಇದು ಗೊತ್ತೇ ಇರುತ್ತದೆ. ಸಾಮಾನಿನ ತಟ್ಟೆಯ ಅಡಿಗೆ ಒಂದಿಷ್ಟು ಹುಣಸೆಹಣ್ಣು ಮೆತ್ತುವುದು. 1988ರಿಂದ ಆರು ವರ್ಷ ಮೆತ್ತಿದ್ದೆ. ತೂಕ ಅಳತೆಯವರು ರಸ್ತೆ ತಿರುವಿನಲ್ಲಿ ಕಂಡರೆ ಉಗುರಿನಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಬೀಜ ಸಮೇತ ನುಂಗಿದ್ದೇನೆ. ಒಂದು ತೂಕಕ್ಕೆ ಇಪ್ಪತ್ತು ಗ್ರಾಂ, ದಿನಕ್ಕೆ ಅರವತ್ತು ತೂಕ ಅಂತ ಹಿಡಿದರೆ ಆರು ವರ್ಷಕ್ಕೆ ಸುಮಾರು ಇಪ್ಪತ್ಮೂರು ಕ್ವಿಂಟಲ್. ಆಗಿನ ರೇಟಿಗೆ ಇಪ್ಪತ್ತು, ಇಪ್ಪತ್ತೈದು ಸಾವಿರ ರೂಪಾಯಿ ಆಗುತ್ತಿತ್ತು. ಅಷ್ಟು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳಿ ಅಂದ ಮಗ. ಆದರೆ ನಾನು ಕದ್ದಿದ್ದು ರೂಪಾಯಿ ಅಲ್ಲ, ಕಾಳು. ಕಾಳಿನಲ್ಲೇ ತೀರಬೇಕು.

ಮೊದಲು ಎರಡು ಕ್ವಿಂಟಲ್ ಅಕ್ಕಿ, ಒಂದು ಕ್ವಿಂಟಲ್ ಬೇಳೆ ಒಂದು ದಾಸೋಹಕ್ಕೆ ಕಳಿಸಿದೆ. ಹದಿನೈದು ಸಾವಿರದ ಹತ್ತಿರ ಹೋಯಿತು. ಅವರು ದಾನಿಗಳು ಅಂತ ಬೋರ್ಡಿನ ಮೇಲೆ ನನ್ನ ಹೆಸರು ಬರೆಸಿ, ಶಾಲು ಹೊದಿಸಿ, ಫೋಟೋ ತೆಗೆದರು. ಸಾಲ ತೀರಿಸಲು ಹೋಗಿ ಸನ್ಮಾನ ಮಾಡಿಸಿಕೊಂಡು ಬಂದೆ. ಅದನ್ನು ಖಾತೆಯಲ್ಲಿ ಜಮಾ ಹಿಡಿಯಲಿಲ್ಲ.

ಆಮೇಲೆ ಹಳೇ ಗಿರಾಕಿಗಳ ಮನೆಗೇ ಹೋಗಿ ಒಪ್ಪಿಕೊಳ್ಳೋಣ ಅಂತ ಹೊರಟೆ. ಮೊದಲನೇ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಎಲ್ಲ ಕೇಳಿ, "ನಂಗೊತ್ತಿತ್ತು ಬಿಡೋ ತಮ್ಮಾ. ಅದಕ್ಕ ನಾ ಹೊಂಡುವಾಗ ದಿನಾ ಒಂದು ಹಿಡಿ ಶೇಂಗಾ ಎತಗೊಂಡು ಹೋಗತಿದ್ದೆ" ಅಂದಳು. ಅವಳ ಲೆಕ್ಕದಲ್ಲಿ ನಾನೇ ಅವಳಿಗೆ ಸಾಲ ಕೊಟ್ಟವನು! ಸಂಜೆ ಸುದ್ದಿ ಮಗನ ಕಿವಿಗೆ ಬಿತ್ತು. "ಅಪ್ಪಾಜಿ, ನೀವು ಶಿವನ ಪಾದ ಸೇರೂ ಮುಂಚೆ ಅಂಗಡಿ ಮುಚ್ಚಸ್ತೀರಿ ನೋಡ್ರಿ" ಅಂದ. ಅದೂ ಸರಿಯೇ. ನನ್ನ ಪಾಪಕ್ಕೆ ಅವನ ಹೊಟ್ಟೆ ಮೇಲೆ ಹೊಡೆಯುವುದು ಯಾವ ನ್ಯಾಯ?

ಕೊನೆಗೆ ದಾರಿ ಹೊಳೆದದ್ದು ಅಂಗಡಿಯಲ್ಲೇ. ಕೊಸರು! ದಿನಾ ಬೆಳಿಗ್ಗೆ ಎರಡು ತಾಸು ತೂಕಕ್ಕೆ ನಾನೇ ಕೂತೆ. ಈಗ ಎಲೆಕ್ಟ್ರಾನಿಕ್ ತಕ್ಕಡಿ. ಒಂದು ಕೆಜಿ ಅಂತ ತೋರಿಸಿದ ಮೇಲೆ ಇನ್ನೊಂದು ಹಿಡಿ ಹಾಕುವುದು, ಅಷ್ಟೇ. ಐವತ್ತು ಗ್ರಾಂ ಹೆಚ್ಚುಕಡಿಮೆ. ಕೇಳಿದವರಿಗೆ "ವಯಸ್ಸಾಯ್ತು, ಕೈ ನಿಲ್ಲೂದಿಲ್ಲ" ಅನ್ನುತ್ತಿದ್ದೆ. ಗಲ್ಲಾಕ್ಕೆ ನಷ್ಟ ಆಗಬಾರದಲ್ಲ, ತಿಂಗಳಿಗೆ ನಾಲ್ಕು ಸಾವಿರ ನನ್ನ ಎಫ್‌ಡಿ ಬಡ್ಡಿಯಿಂದ ಕಟ್ಟುತ್ತಿದ್ದೆ. ಪ್ಯಾಕೆಟ್ ಸಾಮಾನಿಗೆ ಕೊಸರು ಹಾಕಲು ಬರುವುದಿಲ್ಲ, ಅದಕ್ಕೇ ಬೇಳೆ, ಬೆಲ್ಲ, ಶೇಂಗಾ, ಮೆಣಸಿನಕಾಯಿಯಲ್ಲೇ ತೀರಿಸಬೇಕಾಯಿತು. ಕೊರೋನಾ ಕಾಲದಲ್ಲಿ ಮನೆಯವರು ಹೊರಗೆ ಬಿಡಲಿಲ್ಲ, ಒಂಬತ್ತು ತಿಂಗಳು ಹೋಯಿತು. 2018ರ ಯುಗಾದಿಗೆ ಶುರು ಮಾಡಿದ್ದು 2023ರ ಯುಗಾದಿ ಹತ್ತಿರ ಮುಗಿಯಿತು. ಹೆಚ್ಚುಕಡಿಮೆ ಎರಡು ಲಕ್ಷ ಇಳಿದಿದೆ.

ಒಂದು ಎಡವಟ್ಟೂ ಆಯಿತು. ಮುದುಕ ಕೂತಾಗ ಹೋದರೆ ಜಾಸ್ತಿ ಬರುತ್ತದೆ ಅಂತ ಓಣಿಯಲ್ಲಿ ಹಬ್ಬಿ ಬೆಳಗಿನ ವ್ಯಾಪಾರ ಒಂದೂವರೆ ಪಟ್ಟು ಆಯಿತು. ನಗುತ್ತಿದ್ದ ಮಗ ಈಗ ಮಧ್ಯಾಹ್ನವೂ ಕೂತುಕೊಳ್ಳಿ ಅನ್ನತೊಡಗಿದ. ಪಾಪ ತೀರಿಸಲು ಹೋಗಿ ಲಾಭ! ಆ ಲಾಭವನ್ನು ಎಲ್ಲಿ, ಹೇಗೆ ಹೊರಗೆ ಹಾಕಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಮತ್ತೆ ಬೋರ್ಡು, ಶಾಲು.

ನಡುವೆ ಬೇರೆ ಪ್ರಯೋಗಗಳೂ ಆದವು. ಶ್ರವಣಬೆಳಗೊಳಕ್ಕೆ ಹೋಗಿ ಚಿಕ್ಕಬೆಟ್ಟದ ನಿಷಿಧಿ ಶಾಸನಗಳನ್ನು ನೋಡಿ ಬಂದೆ. ಸಲ್ಲೇಖನದಿಂದ, ಅಂದರೆ ವ್ರತ ಹಿಡಿದು ಅನ್ನನೀರು ಬಿಟ್ಟು, ಪ್ರಾಣಬಿಟ್ಟವರ ಹೆಸರು ಸಾವಿರದ ಮುನ್ನೂರು ವರ್ಷದಿಂದ ಬಂಡೆಯ ಮೇಲಿವೆ. ಹುರುಪಿನಲ್ಲಿ ಬಂದು ಊಟ ಕಡಿಮೆ ಮಾಡಿದೆ. ಹನ್ನೊಂದನೇ ದಿನ ಶುಗರ್ ಇಳಿದು ಅಂಗಡಿ ಮೆಟ್ಟಿಲ ಮೇಲೆ ಬಿದ್ದೆ. ಅದು ಗುರುಗಳ ಅಪ್ಪಣೆ ಪಡೆದು ಮಾಡುವ ವ್ರತ. ಮಾತ್ರೆ ನುಂಗಿಕೊಂಡು ಮಾಡುವ ಆಟ ಅಲ್ಲ.

ಕಣ್ಣು ಬರೆದುಕೊಟ್ಟಿದ್ದೇನೆ. ರಾಜಕುಮಾರ್ 2006ರಲ್ಲಿ ಕೊಟ್ಟಾಗಲೇ ಮನಸ್ಸಿತ್ತು. ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ, ಎಲ್ಲರೂ ಮುಖ ನೋಡುತ್ತಾರೆ, ಅಸಹ್ಯ ಕಾಣುತ್ತದೆ ಅಂತ ಹೆಂಡತಿ ಅತ್ತಳು. ತೆಗೆದದ್ದು ಗೊತ್ತೇ ಆಗುವುದಿಲ್ಲ ಅಂತ ಡಾಕ್ಟರ ಬಾಯಿಂದ ಹೇಳಿಸಬೇಕಾಯಿತು. ಸತ್ತ ಆರು ತಾಸಿನೊಳಗೆ ತೆಗೆಯಬೇಕು, ಕಣ್ಣಿನ ಬ್ಯಾಂಕಿನ ನಂಬರ್ ಜಗುಲಿಯ ಪಕ್ಕ ಅಂಟಿಸಿದ್ದೇನೆ.

ವಾಸಿಯಾಗುವ ಆಸೆ ಇಲ್ಲದಾಗ ಸುಮ್ನೆ ವೆಂಟಿಲೇಟರ್ ಮೇಲೆ ಇಡಬೇಡಿ ಅನ್ನುವ ಕಾಗದಕ್ಕೂ ಒದ್ದಾಡಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತಾದರೂ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. ಮೂರು ಸಲ ಅಲೆದೆ, ಕಾಗದ ಯಾವುದು ಅಂತಲೇ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. 2023ರ ಜನವರಿಯಲ್ಲಿ ನಿಯಮ ಸಡಿಲಾಗಿ, ಇಬ್ಬರು ಸಾಕ್ಷಿ, ನೋಟರಿ ಸಾಕು ಅಂತಾಯಿತು. ಐನೂರು ರೂಪಾಯಿಯಲ್ಲಿ ಮುಗಿಯಿತು. ನೋಟರಿಯವರು ಇದು ಮೊದಲನೇದು ಸಾಹುಕಾರ್ರ ಅಂದರು.

ಪರೀಕ್ಷೆ ಆದದ್ದು 2024ರಲ್ಲಿ. ಎದೆ ಹಿಡಿದುಕೊಂಡಿತು, ಆಂಬ್ಯುಲೆನ್ಸಿನಲ್ಲಿ ದಾವಣಗೆರೆಗೆ ಹೊರಟರು. ಏನಾದರೂ ನೆನಪಾಗುತ್ತದಾ ಅಂತ ಕಾದೆ. ಅಣ್ಣನ ಬದುವಿನ ಹಾಗೆ ಏನಾದರೂ. ಏನೂ ಬರಲಿಲ್ಲ. ಹರಿಹರ ದಾಟುವಾಗ ನಿದ್ದೆ ಹತ್ತಿತು. ಹೋಗೇಬಿಟ್ಟರು ಅಂದುಕೊಂಡು ಹೆಂಡತಿ ಕೆನ್ನೆಗೆ ಒಂದು ಬಿಟ್ಟಳು. ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದೆ.

ಖಾತೆಯಲ್ಲಿ ಈಗ ಒಂದೇ ಸಾಲು ಬಾಕಿ. ಒತ್ತಿದ ಜಾಗ ಮೂರು ಗುಂಟೆ ಇದೆ. ಅಣ್ಣನ ಮಗನಿಗೆ ಬರೆದುಕೊಡುತ್ತೇನೆ ಬಾರೋ ಅಂತ ಎರಡು ವರ್ಷದಿಂದ ಕರೆಯುತ್ತಿದ್ದೇನೆ. ಇದರಲ್ಲಿ ಏನೋ ಮಸಲತ್ತಿದೆ ಅಂತ ಅವನು ವಕೀಲರ ಹತ್ತಿರ ಓಡಾಡುತ್ತಿದ್ದಾನಂತೆ. ಓಡಾಡಲಿ. ಅವನ ಜಾಗದಲ್ಲಿ ನಾನಿದ್ದರೂ ಓಡಾಡುತ್ತಿದ್ದೆ.