ಎರಡು ನ್ಯೂಟ್ರಾನ್ ಜಾಸ್ತಿಯಾದರೆ ಡಿಕ್ಕಿ ಯಾಕೆ ಬದಲಾಗುತ್ತದೆ: ನಾನು ಮಾಡಿ ನೋಡಿದ ಲೆಕ್ಕ

ಬೆಂಗಳೂರಿನಲ್ಲಿ ಎಂಎಸ್ಸಿ ಮಕ್ಕಳಿಗೆ ಕ್ವಾಂಟಂ ಪಾಠ ಮಾಡುತ್ತೇನೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರುಬಿಡಿಯಂ ಎಂಬ ಲೋಹದ ತಣ್ಣನೆಯ ಪರಮಾಣುಗಳ ಮೋಡ ನೋಡಿ ಬಂದವರು ಕೇಳುವ ಪ್ರಶ್ನೆ ಒಂದೇ: 85 ಮತ್ತು 87, ಎರಡೂ ರುಬಿಡಿಯಂ ತಾನೇ, ಯಾವುದಾದರೇನು? (ಇವು ಒಂದೇ ಧಾತುವಿನ ಎರಡು ಐಸೊಟೋಪ್‌ಗಳು; 87ರಲ್ಲಿ ಎರಡು ನ್ಯೂಟ್ರಾನ್ ಜಾಸ್ತಿ.)

ರಸಾಯನದ ಮಟ್ಟಿಗೆ ಏನೂ ವ್ಯತ್ಯಾಸವಿಲ್ಲ. ತೀರಾ ತಣ್ಣಗಾದಾಗ ಮಾತ್ರ ಕಥೆಯೇ ಬೇರೆ. ಪರಮಾಣುವಿನ ಅಲೆ ಆಗ ಎಷ್ಟು ಉದ್ದವಾಗುತ್ತದೆ ಎಂದರೆ, ಡಿಕ್ಕಿಯ ವಿವರವೆಲ್ಲ ಒಂದೇ ಸಂಖ್ಯೆಯಲ್ಲಿ ಅಡಗುತ್ತದೆ. ಅದು ಸ್ಕ್ಯಾಟರಿಂಗ್ ಲೆಂತ್, ಅಂದರೆ ಡಿಕ್ಕಿಯ ಬಲವನ್ನು ಉದ್ದವಾಗಿ ಹೇಳುವ ಅಳತೆ. 87ಕ್ಕೆ ಅದು ಸುಮಾರು +100 ಬೋರ್ ತ್ರಿಜ್ಯ (ಒಂದು ಬೋರ್ ತ್ರಿಜ್ಯ ಅಂದರೆ ಹೈಡ್ರೋಜನ್ ಪರಮಾಣುವಿನ ತ್ರಿಜ್ಯದಷ್ಟು), 85ಕ್ಕೆ ಸುಮಾರು −400. ಪ್ಲಸ್ ಇದ್ದರೆ ಪರಮಾಣುಗಳು ಒಂದನ್ನೊಂದು ದೂಡುತ್ತವೆ, ಮೈನಸ್ ಇದ್ದರೆ ಎಳೆಯುತ್ತವೆ.

ಇದನ್ನು ಬಾಯಿಮಾತಲ್ಲಿ ಹೇಳಿದರೆ ನನಗೇ ಸಮಾಧಾನವಿರಲಿಲ್ಲ. ಕ್ಯಾಲ್ಕುಲೇಟರ್ ಹಿಡಿದು ಕೂತೆ. 1993ರಲ್ಲಿ ಭೌತವಿಜ್ಞಾನಿಗಳಾದ ಗ್ರಿಬಾಕಿನ್ ಮತ್ತು ಫ್ಲಾಂಬಾಮ್ ಕೊಟ್ಟ ಸೂತ್ರ ಸಾಕು. ಪರಮಾಣುಗಳ ನಡುವಿನ ಸೆಳೆತದ ಗುಂಡಿಯಲ್ಲಿ ಅಲೆ ಒಟ್ಟು ಎಷ್ಟು ಫೇಸ್ (ಏರಿಳಿತದ ಎಣಿಕೆ; ಒಂದು ಅರ್ಧ ಅಲೆಗೆ ಒಂದು ಪೈ) ಕೂಡಿಸಿಕೊಳ್ಳುತ್ತದೆ ನೋಡಿ. ಅದರಿಂದ ಪೈ/8 ಕಳೆದು ಟ್ಯಾನ್ ತೆಗೆಯಿರಿ. ಆ ಉತ್ತರವನ್ನು 1ರಿಂದ ಕಳೆದು, ಸರಾಸರಿ ಸ್ಕ್ಯಾಟರಿಂಗ್ ಲೆಂತ್‌ನಿಂದ ಗುಣಿಸಿ. ರುಬಿಡಿಯಂಗೆ ಈ ಸರಾಸರಿ ಉದ್ದ 79 ಬೋರ್ ತ್ರಿಜ್ಯದಷ್ಟು.

ಗುಂಡಿಯ ಆಕಾರವನ್ನು ಎಲೆಕ್ಟ್ರಾನ್‌ಗಳು ನಿರ್ಧರಿಸುತ್ತವೆ. ಹಾಗಾಗಿ ಎರಡು ಐಸೊಟೋಪ್‌ಗೂ ಒಂದೇ ಗುಂಡಿ. ಬದಲಾಗುವುದು ತೂಕ ಮಾತ್ರ. ಫೇಸ್ ತೂಕದ ವರ್ಗಮೂಲದ ಜೊತೆ ಏರುತ್ತದೆ. 85ರಿಂದ 87ಕ್ಕೆ ಹೋದರೆ ಏರಿಕೆ 1.2 ಪರ್ಸೆಂಟ್ ಕೂಡ ಇಲ್ಲ.

ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ರುಬಿಡಿಯಂನ ಟ್ರಿಪ್ಲೆಟ್ ಗುಂಡಿಯಲ್ಲಿ (ಎರಡೂ ಪರಮಾಣುಗಳ ಹೊರ ಎಲೆಕ್ಟ್ರಾನ್ ಸ್ಪಿನ್ ಒಂದೇ ದಿಕ್ಕಿಗಿದ್ದಾಗಿನ ಗುಂಡಿ) ಸುಮಾರು 41 ಅರ್ಧ ಅಲೆಗಳಿವೆ. ಲಾಲ್‌ಬಾಗಿನ ಒಂದು ದಾರಿಯನ್ನು 41 ಹೆಜ್ಜೆಯಲ್ಲಿ ದಾಟುವವರು ಪ್ರತಿ ಹೆಜ್ಜೆಯನ್ನು ಚೂರೇ ಚೂರು ಉದ್ದ ಹಾಕಿದರೂ, ಕೊನೆಗೆ ಅರ್ಧ ಹೆಜ್ಜೆ ಆಚೆ ನಿಂತಿರುತ್ತಾರೆ. ಇಲ್ಲೂ ಅಷ್ಟೇ. 41ರ 1.17 ಪರ್ಸೆಂಟ್ ಅಂದರೆ ಹತ್ತಿರ ಹತ್ತಿರ ಅರ್ಧ.

87ಕ್ಕೆ ಸುಮಾರು +100 ಬರುವಂತೆ ಫೇಸನ್ನು 41.046 ಪೈ ಎಂದು ಇಟ್ಟುಕೊಂಡೆ. ತೂಕ ಬದಲಾಯಿಸಿದಾಗ 85ಕ್ಕೆ 40.572 ಪೈ ಬಂತು. ಟ್ಯಾನ್ ಸುಮಾರು 6. ಉತ್ತರ −390ರ ಆಸುಪಾಸು! ಅರ್ಧ ಅಲೆಗಳ ಎಣಿಕೆಯನ್ನು ಒಂದು ಹೆಚ್ಚು, ಒಂದು ಕಡಿಮೆ ಮಾಡಿಯೂ ನೋಡಿದೆ. −300 ಬಂತು, −520 ಬಂತು. ಮೈನಸ್ ಮಾತ್ರ ಹೋಗಲಿಲ್ಲ. ನಿಜವಾದ ಪರಮಾಣುವಿನಲ್ಲಿ ಸಿಂಗ್ಲೆಟ್ ಗುಂಡಿಯೂ (ಆ ಸ್ಪಿನ್‌ಗಳು ಎದುರುಬದುರಾದಾಗಿನದು) ಇದೆ, ನ್ಯೂಕ್ಲಿಯಸ್‌ನ ಸ್ಪಿನ್ ಕೂಡ ಬೇರೆ (87ಕ್ಕೆ 3/2, 85ಕ್ಕೆ 5/2). ಅದನ್ನೆಲ್ಲ ಬಿಟ್ಟರೂ ಇಷ್ಟು ಹತ್ತಿರ ಬರುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಪ್ರಯೋಗಾಲಯದಲ್ಲಿ ಇದರ ಪರಿಣಾಮ ದೊಡ್ಡದು. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ತಂಡ ಮೊದಲ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ (ಪರಮಾಣುಗಳೆಲ್ಲ ಒಂದೇ ಅಲೆಯಂತೆ ವರ್ತಿಸುವ ಸ್ಥಿತಿ) ಮಾಡಿದ್ದು 87ರಿಂದ. ನಿಸರ್ಗದಲ್ಲಿ ಜಾಸ್ತಿ ಸಿಗುವುದು 85, ಸುಮಾರು 72 ಪರ್ಸೆಂಟ್. ಆದರೂ ಅದು 2000ದವರೆಗೆ ಕಾಯಬೇಕಾಯಿತು. ಕೆಲವು ನೂರು ಮೈಕ್ರೋಕೆಲ್ವಿನ್‌ನಲ್ಲಿ 85ರ ಡಿಕ್ಕಿಗಳು ಬಹುತೇಕ ನಿಂತೇ ಹೋಗುತ್ತವೆ. ಡಿಕ್ಕಿ ಇಲ್ಲದೆ ಬಿಸಿ ಪರಮಾಣುಗಳನ್ನು ಆವಿಯಂತೆ ಹೊರಬಿಟ್ಟು ಉಳಿದವನ್ನು ತಂಪು ಮಾಡಲು ಆಗುವುದಿಲ್ಲ. ಇನ್ನೂ ತಣ್ಣಗಾದರೆ ಸೆಳೆತದಿಂದ ಮೋಡವೇ ಕುಸಿಯುತ್ತದೆ. ಕೊನೆಗೆ 155 ಗಾಸ್ ಹತ್ತಿರದ ಫೆಶ್‌ಬಾಕ್ ಅನುರಣನದ (ಕಾಂತಕ್ಷೇತ್ರ ಚೂರು ಬದಲಾದರೂ ಸ್ಕ್ಯಾಟರಿಂಗ್ ಲೆಂತ್ ತೀವ್ರವಾಗಿ ಬದಲಾಗುವ ಜಾಗ) ನೆರವಿನಿಂದ, ಕಾಂತಕ್ಷೇತ್ರ ಹೊಂದಿಸಿ ಆ ಮೈನಸ್ಸನ್ನು ಪ್ಲಸ್ ಮಾಡಿದರು.